ಸಿಡಿ, ಡಿವಿಡಿಗಳನ್ನು ಇನ್ನು ಗುಜರಿಗೆ ಹಾಕಬಹುದಾ?

ಪ್ರಶ್ನೆ: ಸಿನಿಮಾ, ಹಾಡು ಎಲ್ಲ ಈಗ ಫೋನಲ್ಲೇ ಸಿಗುತ್ತೆ. ಮನೆಯಲ್ಲಿ ಡಬ್ಬಗಟ್ಟಲೆ ಸಿಡಿ, ಡಿವಿಡಿ ಬಿದ್ದಿವೆ. ಇಟ್ಟುಕೊಳ್ಳಬೇಕಾ, ಗುಜರಿಗೆ ಹಾಕಬಹುದಾ? ಮುಂದೆ ಡಿಸ್ಕ್ ಅನ್ನೋದೇ ಇರಲ್ವಾ?

ಉತ್ತರ: ಎಲ್ಲವನ್ನೂ ಹಾಕಬೇಡಿ. ಒಂದು ಭಾನುವಾರ ಕೂತು ಆರಿಸಿ. ಕೆಲವು ಹೋಗಲಿ, ಕೆಲವು ಮಾತ್ರ ಯಾವ ಕಾರಣಕ್ಕೂ ಮನೆಯಿಂದಾಚೆ ಹೋಗಬಾರದು. ಕನ್ನಡದ್ದಿದ್ದರೆ ಇನ್ನೂ ಹುಷಾರಾಗಿರಿ.

ಮೊದಲು ಮಾರುಕಟ್ಟೆಯ ವಿಷಯ ಹೇಳಿಬಿಡುತ್ತೇನೆ, ಅಲ್ಲಿ ಚರ್ಚೆಗೆ ಜಾಸ್ತಿ ಜಾಗ ಇಲ್ಲ. ಡಿಸ್ಕ್ ಸೋತಾಗಿದೆ. ನೆಟ್‌ಫ್ಲಿಕ್ಸ್ ಶುರುವಾಗಿದ್ದೇ ಅಮೆರಿಕದಲ್ಲಿ ಅಂಚೆ ಮೂಲಕ ಡಿವಿಡಿ ಬಾಡಿಗೆಗೆ ಕಳಿಸುವುದರಿಂದ. 25 ವರ್ಷಗಳಲ್ಲಿ 520 ಕೋಟಿಗೂ ಹೆಚ್ಚು ಡಿಸ್ಕ್ ಕಳಿಸಿ, 2023ರ ಸೆಪ್ಟೆಂಬರ್ 29ಕ್ಕೆ ಆ ಸೇವೆ ಮುಚ್ಚಿತು. ಬೆಸ್ಟ್ ಬೈ ಅನ್ನೋ ಅಲ್ಲಿನ ದೊಡ್ಡ ಅಂಗಡಿ ಜಾಲ 2024ರಲ್ಲಿ ಸಿನಿಮಾ ಡಿಸ್ಕ್ ಮಾರುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಇದು ಇನ್ನೂ ಮುಂಚೆಯೇ ಆಯಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರುತ್ತಿತ್ತಲ್ಲ, ನೆನಪಿರಬೇಕು. ಪೈರಸಿಗೆ ಅದೇ ಬೆಲೆಯಲ್ಲಿ ಪೈಪೋಟಿ ಕೊಡುವ ಧೈರ್ಯ ಅದು. ಆ ಕಂಪನಿಯೂ ದಿವಾಳಿಯಾಗಿ 2018ರಲ್ಲಿ ಆಸ್ತಿ ಮಾರಾಟದ ಹಂತಕ್ಕೆ ಬಂತು.

ಆದರೆ ಡಿಸ್ಕ್ ಸೋತಿತು ಅಂದಮಾತ್ರಕ್ಕೆ ಸ್ಟ್ರೀಮಿಂಗ್‌ನಲ್ಲಿ ಎಲ್ಲ ಸಿಗುತ್ತೆ ಅಂತಾಗಲಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಭಾಗ ಇದೇ.

ಒಟಿಟಿಯವರು ಹೆಚ್ಚಿನ ಸಿನಿಮಾಗಳ ಮಾಲೀಕರಲ್ಲ. ಇಷ್ಟು ವರ್ಷ ಅಂತ ನಿರ್ಮಾಪಕರಿಂದ ಹಕ್ಕು ಪಡೆದಿರುತ್ತಾರೆ, ಅವಧಿ ಮುಗಿದ ದಿನ ಸಿನಿಮಾ ಇಳಿಯುತ್ತದೆ. ಮತ್ತೆ ಹಕ್ಕು ಕೊಳ್ಳುವಷ್ಟು ಜನ ಅದನ್ನು ನೋಡುತ್ತಿಲ್ಲ ಅನ್ನಿಸಿದರೆ ಅಲ್ಲಿಗೆ ಮುಗೀತು. ಅಮೆರಿಕದ ಎಚ್‌ಬಿಒ ಚಾನೆಲ್‌ನ ಸೀರಿಯಲ್‌ಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್‌ನಿಂದ ಹೋದವು, ಆಮೇಲೆ ಜಿಯೋ ಸಿನಿಮಾಗೆ ಬಂದವು, 2025ರ ಫೆಬ್ರವರಿಯಲ್ಲಿ ಆ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ನೋಡುವವರು ಅದರ ಹಿಂದೆ ಹಿಂದೆ ಹೋಗಬೇಕು. ಹಾಡುಗಳ ಕಥೆಯೂ ಅಷ್ಟೇ. 2023ರಲ್ಲಿ ಸ್ಪಾಟಿಫೈ ಮತ್ತು ಜೀ ಮ್ಯೂಸಿಕ್ ನಡುವೆ ಒಪ್ಪಂದ ಕುದುರದೆ ಎಷ್ಟೋ ಹಾಡುಗಳು ತಿಂಗಳುಗಟ್ಟಲೆ ಕಾಣಿಸಲೇ ಇಲ್ಲ. ಮರುವರ್ಷ ಏರ್‌ಟೆಲ್‌ನವರು ತಮ್ಮ ಹಾಡಿನ ಆ್ಯಪ್ ವಿಂಕನ್ನೇ ಮುಚ್ಚುವುದಾಗಿ ಹೇಳಿದರು.

ಕಂಪನಿಗಳು ತಮ್ಮದೇ ಸರಕನ್ನೂ ತೆಗೆದುಹಾಕುತ್ತವೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಡಿಸ್ನಿ 2023ರ ಮೇ ತಿಂಗಳಲ್ಲಿ ತಾನೇ ಮಾಡಿಸಿದ ಹಲವು ಸರಣಿಗಳನ್ನು ಖರ್ಚು ಉಳಿಸಲು ತನ್ನದೇ ಒಟಿಟಿ ಡಿಸ್ನಿ ಪ್ಲಸ್‌ನಿಂದ ಕಿತ್ತಿತು. ಅವುಗಳಲ್ಲಿ ಕೆಲವಕ್ಕೆ ಡಿಸ್ಕ್ ಬಂದೇ ಇರಲಿಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದದ್ದನ್ನು ದುಡ್ಡು ಕೊಟ್ಟು ನೋಡುತ್ತೇನೆ ಅಂದರೂ ದಾರಿ ಇಲ್ಲದ ಹಾಗೆ ಮಾಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

"ಸರಿ, ಚಂದಾ ಬೇಡ, ಡಿಜಿಟಲ್ ಆಗಿ ಕೊಂಡೇಬಿಡ್ತೀನಿ" ಅನ್ನುವವರೂ ಇದ್ದಾರೆ. ಅದು ಭೋಗ್ಯಕ್ಕೆ ಹಿಡಿದ ಮನೆ ಇದ್ದ ಹಾಗೆ. ದೊಡ್ಡ ಮೊತ್ತ ಕೊಟ್ಟು ನಿಮ್ಮದೇ ಅನ್ನೋ ಹಾಗೆ ಇರಬಹುದು, ಪತ್ರ ಮಾತ್ರ ಓನರ್ ಹೆಸರಲ್ಲೇ ಇರುತ್ತದೆ. 2009ರಲ್ಲಿ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ನಲ್ಲಿ ಜಾರ್ಜ್ ಆರ್ವೆಲ್ ಅವರ ಎರಡು ಪುಸ್ತಕಗಳು, ದುಡ್ಡು ಕೊಟ್ಟು ಕೊಂಡವರ ಸಾಧನದಿಂದಲೇ ದೂರದಿಂದ ಅಳಿಸಿಹೋದವು. ಹಕ್ಕಿಲ್ಲದವರು ಅವನ್ನು ಮಾರಾಟಕ್ಕೆ ಹಾಕಿದ್ದರು ಅನ್ನೋದು ಕಾರಣ. ಹಣ ವಾಪಸ್ ಬಂತು ನಿಜ, ಪುಸ್ತಕ ಹೋಯಿತು. 2023ರ ಡಿಸೆಂಬರ್‌ನಲ್ಲಿ ಸೋನಿ, ತನ್ನ ಗೇಮ್ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಜನ ಕೊಂಡಿದ್ದ ಡಿಸ್ಕವರಿ ಚಾನೆಲ್ ಕಾರ್ಯಕ್ರಮಗಳನ್ನೆಲ್ಲ ವರ್ಷದ ಕೊನೆಗೆ ತೆಗೆದುಹಾಕುತ್ತೇವೆ ಅಂದಿತು. ಗಲಾಟೆ ಜೋರಾದ ಮೇಲೆ ಹೊಸ ಒಪ್ಪಂದವಾಗಿದೆ, ಕನಿಷ್ಠ 30 ತಿಂಗಳು ಉಳಿಯುತ್ತವೆ ಅಂತ ಹೇಳಿತು. ಪೂರ್ತಿ ಬೆಲೆ ಕೊಟ್ಟು ಕೊಂಡದ್ದಕ್ಕೆ 30 ತಿಂಗಳ ಗ್ಯಾರಂಟಿ! ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೇ ಒಂದು ಕಾನೂನು ಮಾಡಿದೆ. ಗ್ರಾಹಕರಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ "ಖರೀದಿಸಿ" ಅನ್ನೋ ಬಟನ್ ಹಾಕುವಂತಿಲ್ಲ. 2025ರ ಜನವರಿಯಿಂದ ಅದು ಜಾರಿಯಲ್ಲಿದೆ.

ಡಿಸ್ಕ್ ವಿಷಯದಲ್ಲಿ ಇಷ್ಟು ತಲೆನೋವಿಲ್ಲ. ಕೈಯಲ್ಲಿರುವುದನ್ನು ಯಾರೂ ದೂರದಿಂದ ಅಳಿಸಲಾರರು. ಭಾವನಿಗೆ ನೋಡೋಕೆ ಕೊಡಬಹುದು, ಮಾರಬಹುದು, ಇಂಟರ್ನೆಟ್ ಇಲ್ಲದ ಊರಲ್ಲೂ ಹಾಕಬಹುದು. ಚಿತ್ರದ ಗುಣಮಟ್ಟದಲ್ಲೂ ಅಂತರ ದೊಡ್ಡದು. 4ಕೆ, ಅಂದರೆ ತುಂಬಾ ಸ್ಪಷ್ಟವಾದ ಚಿತ್ರ ನೋಡಲು ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಅಳತೆ) ಇಂಟರ್ನೆಟ್, ಡಿವಿಡಿಗಿಂತ ಹೊಸದಾದ 4ಕೆ ಬ್ಲೂರೇ ಡಿಸ್ಕ್ ಗರಿಷ್ಠ 128 ಎಂಬಿಪಿಎಸ್‌ವರೆಗೂ ಕೊಡಬಲ್ಲದು. ಕತ್ತಲೆ ದೃಶ್ಯದಲ್ಲಿ, ಮಳೆ ಹೊಗೆ ಇರುವ ಕಡೆ ಸ್ಟ್ರೀಮಿಂಗ್ ಚಿತ್ರ ಚೌಕ ಚೌಕವಾಗಿ ಒಡೆಯುವುದು ಇದಕ್ಕೇ. ಫೋನಲ್ಲಿ ನೋಡುವವರಿಗೆ ಇದು ಗೊತ್ತೇ ಆಗಲ್ಲ, 55 ಇಂಚಿನ ಟಿವಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಈಗ ಕನ್ನಡದ ಮಾತು. ನನಗೆ ನಿಜವಾಗಿ ಭಯ ಇರುವುದು ಇಲ್ಲೇ.

ಇಂಗ್ಲಿಷ್ ಸಿನಿಮಾಗಳಿಗೆ ಇವತ್ತಿಗೂ ಬ್ಲೂರೇ ಬರುತ್ತದೆ, ಸಂಗ್ರಹಿಸುವವರಿದ್ದಾರೆ, ಅವರಿಗಾಗಿಯೇ ಡಿಸ್ಕ್ ಮಾಡುವ ಸಣ್ಣ ಕಂಪನಿಗಳಿವೆ. ಹೊಸ ಕನ್ನಡ ಸಿನಿಮಾಗೆ ಡಿಸ್ಕ್ ಬರುವುದು ನಿಂತೇ ಹೋದಂತಿದೆ. ಹಾಗಾಗಿ ಥಿಯೇಟರ್‌ನಿಂದ ಹೋದ ಮೇಲೆ ಜನರ ಪಾಲಿಗೆ ಆ ಸಿನಿಮಾ ಇರುವುದು ಟಿವಿ ಚಾನೆಲ್‌ನಲ್ಲಿ, ಇಲ್ಲವೇ ಒಟಿಟಿಯಲ್ಲಿ. ಒಟಿಟಿಯವರು ತೆಗೆದುಕೊಳ್ಳದಿದ್ದರೆ? ರಕ್ಷಿತ್ ಶೆಟ್ಟಿಯವರ ಸಂಸ್ಥೆ ತಯಾರಿಸಿದ 'ಏಕಂ' ಸರಣಿಗೆ ದೊಡ್ಡ ಒಟಿಟಿಗಳಲ್ಲಿ ಜಾಗ ಸಿಗದೆ, ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಹೆಸರು, ಬಳಗ ಎರಡೂ ಇರುವವರ ಪಾಡೇ ಇದು. ಸಣ್ಣ ನಿರ್ಮಾಪಕರ ಸಿನಿಮಾ ಎಲ್ಲಿ ಉಳಿಯುತ್ತದೆ ಹೇಳಿ?

ಇದು ಸುಮ್ನೆ ಹೆದರಿಸುವ ಮಾತಲ್ಲ, ನಮಗೆ ಒಮ್ಮೆ ಆಗಿದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರಿಂಟೂ ಈಗ ಉಳಿದಿಲ್ಲ. ನಮ್ಮ ಭಾಷೆಯ ಮೊದಲ ಮಾತಿನ ಚಿತ್ರವನ್ನು ನಾವು ಯಾರೂ ನೋಡಲಾರೆವು. ಇನ್ನೊಂದು ಕಡೆ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ನೋಡಿ. ಹಳೆ ಸಿನಿಮಾ ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದವರು ಸೇರಿ ಅದನ್ನು 4ಕೆಯಲ್ಲಿ ಮರುರೂಪಿಸಿದರು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ರೀಲು ಜೋಪಾನವಾಗಿ ಉಳಿದಿದ್ದಕ್ಕೆ ಅದು ಸಾಧ್ಯವಾಯಿತು. ನಿಮ್ಮ ಡಿವಿಡಿ ಆ ರೀಲಿನ ಸಮ ಅಲ್ಲ ಅನ್ನೋದು ಗೊತ್ತು. ಆದರೂ ಬೇರೆಲ್ಲೂ ಸಿಗದ ಒಂದು ನಾಟಕ, ಯಕ್ಷಗಾನ ಪ್ರಸಂಗ, ಸುಗಮ ಸಂಗೀತದ ಆಲ್ಬಂ ನಿಮ್ಮ ಡಬ್ಬದಲ್ಲೇ ಇರಬಹುದು. ಸಣ್ಣ ಕಂಪನಿಗಳು ಜಿಲ್ಲೆ ಜಿಲ್ಲೆಯಲ್ಲಿ ತಂದ ಎಷ್ಟೋ ಸಿಡಿಗಳು ಯಾವ ಆ್ಯಪಿಗೂ ಹತ್ತಿಲ್ಲ. ಬಿಸಾಡುವ ಮುಂಚೆ ಆ ಹೆಸರನ್ನು ಫೋನಲ್ಲಿ ಹುಡುಕಿ. ಸಿಗಲಿಲ್ಲವೋ, ಎತ್ತಿಡಿ.

ಹಾಗಾದರೆ ಡಿಸ್ಕ್ ಮತ್ತೆ ಬರುತ್ತಾ? ಮೊದಲಿನ ಹಾಗೆ ಬರಲ್ಲ. ಇಷ್ಟಪಟ್ಟವರ ಸಣ್ಣ ಮಾರುಕಟ್ಟೆಯಾಗಿ ಉಳಿಯುತ್ತದೆ ಅಂತ ನನ್ನ ಅಂದಾಜು. ಗ್ರಾಮಫೋನ್ ರೆಕಾರ್ಡ್ ಸತ್ತೇಹೋಯಿತು ಅಂದುಕೊಂಡಿದ್ದರು, 2022ರಲ್ಲಿ ಅಮೆರಿಕದಲ್ಲಿ ಸಿಡಿ 3.3 ಕೋಟಿ ಮಾರಾಟವಾದರೆ ರೆಕಾರ್ಡ್ 4.1 ಕೋಟಿ ಹೋಯಿತು. 1987ರ ನಂತರ ಮೊದಲ ಸಲ ರೆಕಾರ್ಡ್ ಮುಂದೆ ಬಂದದ್ದು. ಸಿನಿಮಾ ಡಿಸ್ಕ್‌ಗೆ ಅಷ್ಟು ಅದೃಷ್ಟ ಇದೆಯೋ ಇಲ್ಲವೋ, ಯಾಕೆಂದರೆ ಪ್ಲೇಯರ್ ಮಾಡುವವರೇ ಕಡಿಮೆಯಾಗುತ್ತಿದ್ದಾರೆ. ಸ್ಯಾಮ್‌ಸಂಗ್ 2019ರಲ್ಲೇ ಅಮೆರಿಕದಲ್ಲಿ ಹೊಸ ಬ್ಲೂರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು, 2024ರ ಕೊನೆಗೆ ಎಲ್‌ಜಿಯೂ ಕೈಬಿಟ್ಟಿತು.

ಇನ್ನು ಆರಿಸುವ ಕೆಲಸ. ಎಲ್ಲಕ್ಕಿಂತ ಮೊದಲು ಮದುವೆ, ನಾಮಕರಣ, ಗೃಹಪ್ರವೇಶದ ಸಿಡಿಗಳನ್ನು ತೆಗೆಯಿರಿ. ಇವೇ ಅರ್ಜೆಂಟು. ಅಂಗಡಿಯ ಸಿನಿಮಾ ಸಿಡಿ ಕಾರ್ಖಾನೆಯಲ್ಲಿ ಒತ್ತಿದ್ದು, ಚೆನ್ನಾಗಿಟ್ಟರೆ ದಶಕಗಟ್ಟಲೆ ಬಾಳುತ್ತದೆ. ಸ್ಟುಡಿಯೋದವರು ಬರೆದುಕೊಟ್ಟಿದ್ದು ಬಣ್ಣದ ಪದರದ ಮೇಲೆ ಲೇಸರ್‌ನಿಂದ ಸುಟ್ಟಿದ್ದು, ಆ ಬಣ್ಣ ಬಿಸಿಲು ಸೆಕೆಗೆ ಮಾಸುತ್ತದೆ, ಹತ್ತು ವರ್ಷಕ್ಕೇ ಓದಲಾಗದೆ ಹೋಗಬಹುದು. ಅಜ್ಜಿ ಓಡಾಡುವುದು, ಮಾತಾಡುವುದು ಇರುವ ಒಂದೇ ವಿಡಿಯೋ ಅದರಲ್ಲಿದ್ದರೆ ಯಾವ ಒಟಿಟಿಯೂ ಅದನ್ನು ವಾಪಸ್ ಕೊಡಲ್ಲ. ಒಂದೆರಡು ಸಾವಿರ ರೂಪಾಯಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗುತ್ತದೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿ. ವಿಸಿಡಿಯಾದರೆ ಎಂಪೆಗ್‌ಎವಿ (MPEGAV) ಫೋಲ್ಡರಿನಲ್ಲಿ ಡಿಎಟಿ (DAT) ಫೈಲುಗಳು ಇರುತ್ತವೆ, ಡಿವಿಡಿಯಾದರೆ ವಿಡಿಯೋ ಟಿಎಸ್ (VIDEO_TS) ಅನ್ನೋ ಫೋಲ್ಡರ್ ಇರುತ್ತದೆ, ಇಡಿಯಾಗಿ ಕಾಪಿ ಮಾಡಿಕೊಳ್ಳಿ, ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಆ್ಯಪಲ್ಲಿ ಓಡುತ್ತವೆ. ಎರಡು ಕಡೆ ಇಡಿ: ಒಂದು ಹಾರ್ಡ್ ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ.

ಕಾಪಿ ಆಗದೆ ನಿಂತರೆ ಡಿಸ್ಕನ್ನು ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಸುತ್ತ ಉಜ್ಜಬೇಡಿ. ಇನ್ನೊಂದು ಡ್ರೈವ್‌ನಲ್ಲೂ ಹಾಕಿ ನೋಡಿ, ಒಂದರಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದುಂಟು.

ಆಮೇಲೆ ಮತ್ತೆ ಮತ್ತೆ ನೋಡುವ ಸಿನಿಮಾ, ಆ್ಯಪಲ್ಲಿ ಸಿಗದ ಕನ್ನಡದ್ದು, ಇವು ಉಳಿಯಲಿ. ಬಿಸಿಲು ಬೀಳದ ಕಡೆ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಫುಟ್‌ಪಾತಿನಲ್ಲಿ ಕೊಂಡ ಪೈರಸಿ, ಒಂದೇ ಡಿಸ್ಕಿನಲ್ಲಿ ನೂರಾರು ಎಂಪಿ3 ತುಂಬಿದ್ದು, ಪೂರ್ತಿ ಗೀರಾಗಿದ್ದು, ಇವನ್ನೆಲ್ಲ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಸುಡಬೇಡಿ. ಕೆಲಸ ಮಾಡುವ ಡಿವಿಡಿ ಪ್ಲೇಯರ್ ಒಂದಿದ್ದರೆ ಅದನ್ನೂ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಒಂದು ಡಿಸ್ಕ್ ಹಾಕಿ ಓಡಿಸುತ್ತಿರಿ, ಸುಮ್ಮನೆ ಬಿದ್ದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಹಾಳಾಗಿ ಟ್ರೇ ತೆರೆಯದೇ ಹೋಗಬಹುದು.