ದುಡ್ಡು ಕೊಟ್ಟು ಮಾಡಿಸಿದ ಕೆಲಸ ಯಾರದ್ದು? ಸ್ವತಂತ್ರ ಗುತ್ತಿಗೆದಾರರ ಕರಾರು ಬರೆಯುವವರಿಗೆ ಟಿಪ್ಪಣಿ

ಫ್ರೀಲಾನ್ಸರ್‌ಗಳ ಜೊತೆ ಮಾಡಿಕೊಳ್ಳುವ ಕರಾರಿನ ಕರಡು ಬರೆಯಲು ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ ಇದು. ಹೆಸರು, ವಿಳಾಸ, ತಾರೀಕು, ನೋಟಿಸ್ ಅವಧಿ ಯಾವ ಮಾದರಿಯಲ್ಲಾದರೂ ಸಿಗುತ್ತವೆ, ಅವನ್ನು ಬಿಟ್ಟಿದ್ದೇನೆ. ನನ್ನನ್ನು ಹೆಚ್ಚು ಕಾಡಿದ್ದು ಕೃತಿಸ್ವಾಮ್ಯದ, ಅಂದರೆ ಕಾಪಿರೈಟ್‌ನ ಷರತ್ತು. ಹಾಗಾಗಿ ಅದಕ್ಕೇ ಹೆಚ್ಚು ಜಾಗ. ಹೇಳಿರುವುದೆಲ್ಲ ಭಾರತದ ಕಾನೂನಿಗೆ ಸಂಬಂಧಿಸಿದ್ದು.

ಮೊದಲು: ನೌಕರನೋ, ಗುತ್ತಿಗೆದಾರನೋ

‘ಇವರು ಸ್ವತಂತ್ರ ಗುತ್ತಿಗೆದಾರರು’ ಎಂದು ಬರೆದುಬಿಟ್ಟರೆ ಕೆಲಸ ಮುಗಿಯಲಿಲ್ಲ. ಕೋರ್ಟು ಹೆಸರಿಗಿಂತ ಹೆಚ್ಚಾಗಿ ಕೆಲಸ ನಡೆದ ರೀತಿಯನ್ನು ನೋಡುತ್ತದೆ. 1956ರಲ್ಲಿ ತೀರ್ಪಾದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತೆಗೆಯುತ್ತಿದ್ದ ಅಗರಿಯಾಗಳು ಮನೆಮಂದಿಯ ಜೊತೆ ದುಡಿಯುತ್ತಿದ್ದರು, ಬೇಕೆಂದರೆ ಬೇರೆ ಆಳುಗಳನ್ನೂ ಇಟ್ಟುಕೊಳ್ಳುತ್ತಿದ್ದರು. ಕೂಲಿ ಸಿಗುತ್ತಿದ್ದದ್ದು ಉಪ್ಪಿನ ತೂಕಕ್ಕೆ. ಮೇಲ್ನೋಟಕ್ಕೆ ಪೂರಾ ಗುತ್ತಿಗೆ. ಆದರೂ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದೇ ಪರಿಗಣಿಸಿತು, ಯಾಕೆಂದರೆ ಕೆಲಸ ಹೇಗೆ ನಡೆಯಬೇಕು ಎಂಬುದರ ಮೇಲೆ ಕಂಪನಿಯ ಹಿಡಿತ ಇತ್ತು. 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ತೀರ್ಪಿನಲ್ಲಿ ಹಿಡಿತವೊಂದೇ ಅಳತೆಗೋಲಲ್ಲ ಎಂಬ ಮಾತು ಬಂತು. ಅಲ್ಲಿನ ದರ್ಜಿಗಳಿಗೆ ಸಂಬಳವಿರಲಿಲ್ಲ, ಪೀಸ್ ಲೆಕ್ಕದ ಕೂಲಿ. ಆದರೆ ಹೊಲಿಗೆ ಯಂತ್ರ ಅಂಗಡಿಯದ್ದು, ಹೊಲಿದದ್ದು ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಸುವ ಅಧಿಕಾರವೂ ಅಂಗಡಿಯದ್ದು. ಅವರೂ ನೌಕರರೇ ಎಂದಾಯಿತು.

ಕರಡು ಬರೆಯುವವರಿಗೆ ಇದರ ಅರ್ಥ ಇಷ್ಟು: ಫಲಿತಾಂಶ, ಗುಣಮಟ್ಟ, ಗಡುವು ಇವನ್ನು ಬಿಗಿಯಾಗಿ ಬರೆಯಿರಿ. ಹಾಜರಿ, ರಜೆ, ಬೇರೆ ಕಡೆ ಕೆಲಸ ಮಾಡಕೂಡದೆಂಬ ನಿರ್ಬಂಧ ಇವನ್ನು ಒಳಗೆ ಬಿಟ್ಟುಕೊಳ್ಳಬೇಡಿ. ಸಲಕರಣೆ ಅವರದ್ದೇ ಇರಲಿ. ಸಹಾಯಕರನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಇರಲಿ. ಒಂದೇ ಷರತ್ತಿನಿಂದ ಏನೂ ತೀರ್ಮಾನವಾಗುವುದಿಲ್ಲ, ಎಲ್ಲ ಸೇರಿ ಮೂಡುವ ಚಿತ್ರ ಮುಖ್ಯ.

ನಾನು ಸಿಕ್ಕಿಕೊಂಡ ಜಾಗ

ಕೃತಿಸ್ವಾಮ್ಯ ಕಾಯ್ದೆ, 1957ರ ಕಲಂ 17 ತೆರೆಯಿರಿ. ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ, ಇದು ಮೂಲ ನಿಯಮ. 17(ಸಿ) ಪ್ರಕಾರ ನೌಕರ ತನ್ನ ಉದ್ಯೋಗದ ಭಾಗವಾಗಿ ರಚಿಸಿದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ಈಗ ಮೇಲಿನ ಭಾಗವನ್ನು ಇದರ ಪಕ್ಕ ಇಟ್ಟು ನೋಡಿ. ‘ಇವರು ನಮ್ಮ ನೌಕರರಲ್ಲ’ ಎಂದು ಸಾಬೀತು ಮಾಡಲು ಬರೆದ ಒಂದೊಂದು ಸಾಲೂ 17(ಸಿ)ಯ ಲಾಭವನ್ನು ನಮ್ಮ ಕೈಯಿಂದ ಜಾರಿಸುತ್ತದೆ. ಪಿಎಫ್, ಗ್ರಾಚ್ಯುಟಿಯ ಹೊಣೆ ಬೇಡವೆಂದು ಗುತ್ತಿಗೆಯ ದಾರಿ ಹಿಡಿದರೆ, ಉದ್ಯೋಗದಲ್ಲಿ ತಾನಾಗಿ ಬರುತ್ತಿದ್ದ ಒಡೆತನವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಎರಡು ಬೇರೆ ಬೇರೆ ಷರತ್ತು ಅಂದುಕೊಂಡು ಓದುವಷ್ಟು ಹೊತ್ತೂ ಇದು ತಲೆಗೆ ಹತ್ತುವುದಿಲ್ಲ. ಎರಡರ ಬುಡದಲ್ಲೂ ಇರುವುದು ಒಂದೇ ಪ್ರಶ್ನೆ: ಇದು ಉದ್ಯೋಗವೋ, ಅಲ್ಲವೋ?

ಗೊಂದಲ ಹೆಚ್ಚಿಸುವುದು 17(ಬಿ). ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ, ಮಾಡಿಸಿದ ಸಿನಿಮಾ ಇಂಥವುಗಳಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವನೇ ಮೊದಲ ಒಡೆಯ. ಅದನ್ನು ಓದಿದ ಗುಂಗಿನಲ್ಲಿ ಸಾಫ್ಟ್‌ವೇರ್‌ಗೂ ಇದೇ ನಿಯಮ ಅನ್ನಿಸುತ್ತದೆ. ಅನ್ವಯವಾಗುವುದಿಲ್ಲ. ಕಾಯ್ದೆಯ ಕಣ್ಣಿಗೆ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಜಾಹೀರಾತಿನ ಬರಹವೂ ಹಾಗೆಯೇ. ಎರಡೂ 17(ಬಿ)ಯ ಪಟ್ಟಿಯಲ್ಲಿಲ್ಲ. ಒಂದೇ ವೆಬ್‌ಸೈಟಿಗೆ ಫೋಟೋ ತೆಗೆದುಕೊಟ್ಟವರ ಲೆಕ್ಕ ಒಂದು, ಕೋಡ್ ಬರೆದುಕೊಟ್ಟವರ ಲೆಕ್ಕ ಇನ್ನೊಂದು.

ಅಮೆರಿಕದ ಟೆಂಪ್ಲೇಟುಗಳಲ್ಲಿ ‘ವರ್ಕ್ ಮೇಡ್ ಫಾರ್ ಹೈರ್’ ಎಂಬ ಸಾಲು ಇರುತ್ತದೆ, ಅಂದರೆ ಮಾಡಿಸಿದವರೇ ಮೊದಲಿನಿಂದಲೂ ಒಡೆಯರು ಎಂದು. ಅಲ್ಲಿಯ 1976ರ ಕಾಯ್ದೆಯಲ್ಲೂ ಹೊರಗಿನವರಿಂದ ಮಾಡಿಸಿದ ಕೆಲಸಕ್ಕೆ ಅದು ಅನ್ವಯವಾಗುವುದು ಒಂಬತ್ತು ಬಗೆಯ ಕೃತಿಗಳಿಗೆ ಮಾತ್ರ, ಅದೂ ಲಿಖಿತ ಒಪ್ಪಂದ ಇದ್ದರೆ. ನಮ್ಮ ಕಾಯ್ದೆಯಲ್ಲಿ ಆ ಪರಿಕಲ್ಪನೆಯೇ ಇಲ್ಲ. ಆ ಸಾಲನ್ನೇ ನಂಬಿ ಕೂತ ಕರಾರು ಇಲ್ಲಿ ನಿಲ್ಲುವುದು ಕಷ್ಟ.

ಐದು, ಒಂದು, ಒಂದು

ಒಡೆತನ ಬರಬೇಕೆಂದರೆ ಹಸ್ತಾಂತರ ಆಗಬೇಕು. ಕಲಂ 19ರ ಪ್ರಕಾರ ಅದು ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಪ್ರತಿಫಲ ಎಲ್ಲವನ್ನೂ ಹೇಳಬೇಕು. ಹೇಳದೆ ಬಿಟ್ಟದ್ದನ್ನು ಕಾಯ್ದೆಯೇ ತುಂಬಿಕೊಳ್ಳುತ್ತದೆ, ಅದು ಬಿಸಿನೆಸ್‌ಗೆ ಅನುಕೂಲವಾಗಿ ಇರುವುದಿಲ್ಲ. ನೆನಪಿಗೆ ನಾನು ಇಟ್ಟುಕೊಂಡ ಸೂತ್ರ: ಐದು, ಒಂದು, ಒಂದು.

ಅವಧಿ ಬರೆಯದಿದ್ದರೆ ಐದು ವರ್ಷ. ಜನವರಿ 2024ರಲ್ಲಿ ಹಸ್ತಾಂತರವಾದ ಲೋಗೋ ಜನವರಿ 2029ಕ್ಕೆ ವಿನ್ಯಾಸಕಾರರ ಕೈಗೆ ಹಿಂದಿರುಗುತ್ತದೆ, ಅಷ್ಟರಲ್ಲಿ ಅದು ಕಂಪನಿಯ ಮುಖವೇ ಆಗಿದ್ದರೂ ಸರಿ. ಪಡೆದ ಹಕ್ಕನ್ನು ಬಳಸದೆ ಒಂದು ವರ್ಷ ಕಳೆದರೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಆ ಹಕ್ಕಿನ ಹಸ್ತಾಂತರ ರದ್ದಾದಂತೆ. ಮುಂದಿನ ಆವೃತ್ತಿಗೆ ಇರಲಿ ಎಂದು ಮಾಡಿಸಿ ಪಕ್ಕಕ್ಕಿಟ್ಟ ಕೋಡ್ ಈ ಬಲೆಗೆ ಬೀಳುತ್ತದೆ. ಪ್ರದೇಶ ಬರೆಯದಿದ್ದರೆ ಒಂದೇ ದೇಶ, ಭಾರತ ಮಾತ್ರ.

ಕ್ರಿಯಾಪದದ ಮೇಲೂ ಕಣ್ಣಿಡಿ. ‘ಹಸ್ತಾಂತರಿಸಲು ಒಪ್ಪಿದ್ದಾರೆ’ ಎಂದರೆ ಮುಂದೆ ಕೊಡುತ್ತೇನೆಂಬ ಮಾತು, ಇನ್ನೊಂದು ಪತ್ರ ಬೇಕಾದೀತು. ‘ಈ ಮೂಲಕ ಹಸ್ತಾಂತರಿಸಿದ್ದಾರೆ’ ಎಂದರೆ ಕೊಟ್ಟಾಯಿತು. ಕೃತಿ ಇನ್ನೂ ಹುಟ್ಟದಿದ್ದರೂ ಪರವಾಗಿಲ್ಲ, ಹುಟ್ಟಿದ ಗಳಿಗೆಯಿಂದ ಹಸ್ತಾಂತರ ಜಾರಿಗೆ ಬರುತ್ತದೆ ಎನ್ನುತ್ತದೆ ಕಲಂ 18.

ಎಲ್ಲ ಸೇರಿಸಿ ನಾನು ಬರೆದುಕೊಂಡ ಷರತ್ತು: ‘ಅನುಬಂಧ 1ರಲ್ಲಿ ವಿವರಿಸಿದ ಕೃತಿಗಳ ಸಮಸ್ತ ಕೃತಿಸ್ವಾಮ್ಯವನ್ನು ಗುತ್ತಿಗೆದಾರರು, ಅನುಬಂಧ 2ರ ಪ್ರತಿಫಲಕ್ಕೆ ಬದಲಾಗಿ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಹಾಗೂ ಜಗತ್ತಿನಾದ್ಯಂತ ಅನ್ವಯಿಸುವಂತೆ ಕಂಪನಿಗೆ ಈ ಮೂಲಕ ಹಸ್ತಾಂತರಿಸಿದ್ದಾರೆ. ಕಂಪನಿ ಒಂದು ವರ್ಷದೊಳಗೆ ಹಕ್ಕು ಚಲಾಯಿಸದಿದ್ದರೂ ಈ ಹಸ್ತಾಂತರ ರದ್ದಾಗತಕ್ಕದ್ದಲ್ಲ.’ ಇದನ್ನು ‘ಕಂಪನಿಗಾಗಿ ಮಾಡಿದ ಕೆಲಸವೆಲ್ಲ ಕಂಪನಿಯದ್ದು’ ಎಂಬ ಸಾಲಿನ ಪಕ್ಕ ಇಟ್ಟು ಓದಿ, ಯಾವುದು ಎಲ್ಲಿ ಸೋರುತ್ತದೆ ಎಂದು ಕಾಣುತ್ತದೆ.

ಗುತ್ತಿಗೆದಾರರು ಮೊದಲೇ ಬರೆದಿಟ್ಟುಕೊಂಡ ಕೋಡನ್ನು, ತಮ್ಮ ಸಲಕರಣೆಗಳನ್ನು ಇದರಿಂದ ಹೊರಗಿಡಿ. ಅದು ಅವರ ಅನ್ನ. ಅವುಗಳಿಗೆ ಬಳಕೆಯ ಲೈಸೆನ್ಸ್ ಸಾಕು. ಹಸ್ತಾಂತರದ ನಂತರವೂ ಕಲಂ 57ರ ಹಕ್ಕು, ಅಂದರೆ ‘ಇದನ್ನು ರಚಿಸಿದವನು ನಾನು’ ಎನ್ನುವ ಹಕ್ಕು, ಕೃತಿಕಾರರ ಬಳಿಯೇ ಉಳಿಯುತ್ತದೆ.

ಉಳಿದವು, ಚುಟುಕಾಗಿ

ಕರಾರು ಮುಗಿದ ಮೇಲೂ ಪ್ರತಿಸ್ಪರ್ಧಿಗಳಿಗೆ ಕೆಲಸ ಮಾಡಕೂಡದೆಂಬ ಷರತ್ತು ಭಾರತೀಯ ಕರಾರು ಕಾಯ್ದೆ, 1872ರ ಕಲಂ 27ರ ಮುಂದೆ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತನ್ನು ಗಟ್ಟಿ ಮಾಡಿ, ಕಾಪಾಡಬೇಕಾದ ಮಾಹಿತಿ ಯಾವುದೆಂದು ಹೆಸರಿಸಿ.

ಕರಾರು ಮುರಿದರೆ ಕೊಡಬೇಕಾದ ದಂಡದ ಮೊತ್ತ ಎಷ್ಟೇ ಬರೆದರೂ ಅದೇ ಕರಾರು ಕಾಯ್ದೆಯ ಕಲಂ 74ರಲ್ಲಿ ಸಿಗುವುದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರ ಮಾತ್ರ. ಹೆದರಿಸಲೆಂದು ದೊಡ್ಡ ಅಂಕಿ ಹಾಕುವುದರಲ್ಲಿ ಅರ್ಥವಿಲ್ಲ.

ಪಾವತಿಯ ಗಡುವು ಬರೆಯುವ ಮೊದಲು ಗುತ್ತಿಗೆದಾರರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳಿ. ಹೌದಾದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ, ಮಾಡಿಕೊಟ್ಟ ಕೆಲಸವನ್ನು ಕಂಪನಿ ಸ್ವೀಕರಿಸಿದ ದಿನದಿಂದ 45 ದಿನಕ್ಕಿಂತ ಹೆಚ್ಚಿನ ಗಡುವು ನಡೆಯುವುದಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ‘90 ದಿನದಲ್ಲಿ ಪಾವತಿ’ ಎಂದು ಇಬ್ಬರೂ ಸಹಿ ಹಾಕಿದ್ದರೂ ಅಷ್ಟೇ.