ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್ ಅಂತಾರಾಷ್ಟ್ರೀಯ ಸ್ಪರ್ಧೆಗೆ ನಡೆಯುತ್ತಾ?

ಪ್ರಶ್ನೆ: ಸುತ್ತಮುತ್ತಲಿನ ಸದ್ದುಗಳನ್ನು ರೆಕಾರ್ಡ್ ಮಾಡುವುದು, ಆಗೀಗ ವಿಡಿಯೋ ತೆಗೆಯುವುದು ನನ್ನ ಹವ್ಯಾಸ. ಹವ್ಯಾಸಿಗಳಿಗೆಂದೇ ನಡೆಯುವ ಅಂತಾರಾಷ್ಟ್ರೀಯ ಸ್ಪರ್ಧೆಗೆ ಒಂದನ್ನಾದರೂ ಕಳಿಸುವ ಆಸೆ. ಆದರೆ ನನ್ನ ಹತ್ತಿರ ಇರುವುದು ಫೋನ್ ಮಾತ್ರ. ದುಬಾರಿ ಮೈಕ್ ಇಟ್ಟುಕೊಂಡವರ ಮುಂದೆ ನನ್ನದು ನಿಲ್ಲುತ್ತಾ?

ಉತ್ತರ: ನಿಲ್ಲುತ್ತೆ. ಫೋನ್ ಯಾವುದು ಅನ್ನುವುದಕ್ಕಿಂತ ಅದನ್ನು ಎಲ್ಲಿ ಹಿಡಿದಿರಿ ಅನ್ನುವುದು ಜಾಸ್ತಿ ಮುಖ್ಯ.

ಒಂದು ಹಳೆಯ ಕಥೆ ಇದೆ. 1950ರ ಆಸುಪಾಸಿನಲ್ಲಿ ಯುರೋಪಿನ ಮನೆಗಳಿಗೆ ಟೇಪ್ ರೆಕಾರ್ಡರ್ ಬರಲು ಶುರುವಾಯಿತು. ಸಂಜೆಯಾದರೆ ಮೈಕ್ ಹಿಡಿದು ಸದ್ದು ಹುಡುಕುವ ಹವ್ಯಾಸಿಗಳು ಹುಟ್ಟಿಕೊಂಡರು. ಫ್ರೆಂಚರು ಇವರಿಗೆ ಇಟ್ಟ ಹೆಸರು ‘ಸದ್ದಿನ ಬೇಟೆಗಾರರು’. ಇಂಥವರಿಗಾಗಿ ನಡೆಯುತ್ತಿದ್ದ ಅಂತಾರಾಷ್ಟ್ರೀಯ ರೆಕಾರ್ಡಿಂಗ್ ಸ್ಪರ್ಧೆ 1952ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಆಯಿತು. ಅಲ್ಲಿ ಮೊದಲ ಬಹುಮಾನ ಗೆದ್ದವನು ಸ್ಟೆಫಾನ್ ಕುಡೆಲ್ಸ್ಕಿ ಅನ್ನುವ ಹುಡುಗ. 1929ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದವನು. ಅವನು ಬಳಸಿದ್ದು ತಾನೇ ಕಟ್ಟಿದ ರೆಕಾರ್ಡರ್. ಹಳೇ ಗಡಿಯಾರಕ್ಕೆ ಕೊಡುವ ಹಾಗೆ ಕೀಲಿ ಕೊಟ್ಟರೆ ಟೇಪ್ ತಿರುಗುತ್ತಿತ್ತು. ಹೆಸರು ‘ನಾಗ್ರಾ’. ಪೋಲಿಷ್ ಭಾಷೆಯಲ್ಲಿ ‘ರೆಕಾರ್ಡ್ ಮಾಡುತ್ತೆ’ ಅಂತ ಅರ್ಥ. ಮುಂದೆ ಇದೇ ನಾಗ್ರಾ ವಂಶದ ಯಂತ್ರಗಳು ಸಿನಿಮಾ ಸೆಟ್ಟುಗಳನ್ನೆಲ್ಲ ಆಳಿದವು.

ಹಾಗಾದರೆ ಯಂತ್ರವೇ ಗೆದ್ದ ಹಾಗಾಯಿತಲ್ಲ ಅಂತೀರಾ? ಸ್ವಲ್ಪ ತಡೆಯಿರಿ. ಆ ಕಾಲದ ಬೇರೆ ಯಂತ್ರಗಳು ಹೆಚ್ಚಿನವು ಭಾರ, ಪ್ಲಗ್ ಹಾಕದೆ ಓಡುತ್ತಿರಲಿಲ್ಲ. ಸದ್ದನ್ನೇ ಯಂತ್ರದ ಹತ್ತಿರ ಕರೆತರಬೇಕಿತ್ತು. ನಾಗ್ರಾವನ್ನು ಹೆಗಲಿಗೆ ಹಾಕಿಕೊಂಡು ಸದ್ದು ಇದ್ದಲ್ಲಿಗೇ ಹೋಗಬಹುದಿತ್ತು. ನಿಮ್ಮ ಜೇಬಿನಲ್ಲಿರುವುದೂ ಅಂಥದ್ದೇ ಯಂತ್ರ. ನಾವು ಮಾತ್ರ ಅದನ್ನು ಹಿಡಿದುಕೊಂಡು ಹತ್ತು ಅಡಿ ದೂರದಲ್ಲಿ ನಿಂತಿರುತ್ತೇವೆ.

ದೂರದ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಇಳಿಯುತ್ತದೆ. 25 ಸೆಂಟಿಮೀಟರ್‌ನಿಂದ 4 ಮೀಟರ್‌ಗೆ ಹೋದರೆ 24 ಡೆಸಿಬಲ್ ಹೋಯಿತು. ದೂರದ ವಾಹನ, ಫ್ಯಾನು, ಗಾಳಿ ಮಾತ್ರ ಇದ್ದಷ್ಟೇ ಇರುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ವಾಲ್ಯೂಮ್ ಏರಿಸಿದರೆ ಅವೂ ಜೊತೆಗೇ ಏರುತ್ತವೆ. ಎಷ್ಟು ದುಡ್ಡು ಕೊಟ್ಟು ತಂದ ಮೈಕಾದರೂ ಈ ಲೆಕ್ಕ ತಪ್ಪಿಸಲು ಆಗುವುದಿಲ್ಲ.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಒಮ್ಮೆ ಹಿರಿಯರೊಬ್ಬರ ಮಾತನ್ನು ಅರ್ಧ ಗಂಟೆ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಮಾತಿನ ಅಡಿಯಲ್ಲಿ ಉದ್ದಕ್ಕೂ ಫ್ರಿಜ್ ಗುಂಯ್‌ಗುಡುತ್ತಿದೆ! ಅಲ್ಲಿ ಕೂತಾಗ ಅದು ಕಿವಿಗೇ ಬಿದ್ದಿರಲಿಲ್ಲ. ನಮ್ಮ ಮೆದುಳು ಬೇಡದ್ದನ್ನು ಸೋಸಿಬಿಡುತ್ತದೆ, ಮೈಕ್ ಸೋಸುವುದಿಲ್ಲ. ಈಗ ಶುರು ಮಾಡುವ ಮೊದಲೇ ಫ್ರಿಜ್ ಆಫ್ ಮಾಡಿ ಗಾಡಿಯ ಕೀಯನ್ನು ಅದರೊಳಗೇ ಇಡುತ್ತೇನೆ. ಹೊರಡುವಾಗ ಕೀ ಹುಡುಕಲೇಬೇಕು, ಫ್ರಿಜ್ ಮತ್ತೆ ಆನ್ ಮಾಡುವುದು ನೆನಪಾಗಲೇಬೇಕು. ಇದು ರೆಕಾರ್ಡಿಂಗ್ ಮಾಡುವವರ ನಡುವೆ ಓಡಾಡುವ ಹಳೇ ಉಪಾಯ, ನಾನು ಕಂಡುಹಿಡಿದದ್ದಲ್ಲ.

ಫೋನಿನ ನಿಜವಾದ ತೊಂದರೆ ಬೇರೆ. ಅದು ಅತಿ ಬುದ್ಧಿವಂತ. ಪಿಸುಮಾತು ಬಂದರೆ ತಾನೇ ವಾಲ್ಯೂಮ್ ಏರಿಸುತ್ತದೆ, ಬಾಗಿಲು ಬಡಿದರೆ ತಾನೇ ಇಳಿಸುತ್ತದೆ. ಮಳೆಯ ಸದ್ದನ್ನು ಕಸ ಅಂದುಕೊಂಡು ಒರೆಸಿಹಾಕಲು ನೋಡುತ್ತದೆ. ಹಾಗಾಗಿ ಈ ಎರಡನ್ನೂ ಆಫ್ ಮಾಡಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ. ಸದ್ದನ್ನು ಹಿಂಡಿ ಚಿಕ್ಕದು ಮಾಡುವ ಎಂಪಿ3 ಬೇಡ, ಆ್ಯಪಿನ ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್‌ನ ವೇವ್ (WAV) ಫೈಲ್ ಇರಲಿ. ಆ್ಯಪಿನಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರು ಅತಿ ಜೋರಾದ ಸದ್ದಿಗೂ ಮೈನಸ್ 12 ಡೆಸಿಬಲ್‌ನ ಹತ್ತಿರ ನಿಲ್ಲುವಂತೆ ನೋಡಿಕೊಳ್ಳಿ. ಸೊನ್ನೆ ಅಂದರೆ ಮೀಟರಿನ ಕೊನೆ, ಅದನ್ನು ಮುಟ್ಟಿ ಒಡೆದ ಸದ್ದನ್ನು ಸರಿಮಾಡುವುದು ಬಹಳ ಕಷ್ಟ. ಮೈಕಿಗೆ ನೇರ ಗಾಳಿ ಹೊಡೆಯುವುದನ್ನು ಮೈ ಅಡ್ಡ ಕೊಟ್ಟಾದರೂ ತಪ್ಪಿಸಿ.

ಇನ್ನು ಏನನ್ನು ಕಳಿಸುವುದು? ತೀರ್ಪುಗಾರರು ಬೇರೆ ಬೇರೆ ದೇಶದವರು, ನಿಮ್ಮ ಭಾಷೆ ಬಾರದವರೇ ಜಾಸ್ತಿ. ಮಾತೇ ಬೇಡದ ಕಥೆ ಸಿಕ್ಕರೆ ಅರ್ಧ ದಾರಿ ಸಾಗಿದ ಹಾಗೆ. ಸೈಕಲ್ ಪಂಕ್ಚರ್ ಹಾಕುವುದನ್ನೇ ತೆಗೆದುಕೊಳ್ಳಿ. ಮೊದಲು ಗಾಳಿ ಸೋರುವ ಸಣ್ಣ ಸುಯ್ಯ್. ರಿಮ್ಮಿನಿಂದ ಟೈರ್ ಎಬ್ಬಿಸುವಾಗ ಕಬ್ಬಿಣ ಉಜ್ಜುವ ಕಿರಕಿರ. ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಬುಳುಬುಳು. ಆಮೇಲೆ ಒಂದು ಕ್ಷಣ ಏನೂ ಇಲ್ಲ, ತೂತು ಸಿಕ್ಕಿತು ಅಂತ ಅರ್ಥ. ರಬ್ಬರಿನ ಮೇಲೆ ಉಪ್ಪುಕಾಗದದ ಸರಸರ, ಪಂಪಿನ ಏದುಸಿರು, ಕೊನೆಗೆ ಬೆಲ್ ಹೊಡೆದು ಹೊರಟುಹೋಗುವ ಸೈಕಲ್. ಎರಡು ನಿಮಿಷದೊಳಗೆ ಮುಗಿಯಿತು. ಅರ್ಥ ಹೇಳಲು ಯಾರೂ ಬೇಕಾಗಲಿಲ್ಲ ಅಲ್ವಾ? ಬಕೆಟ್ಟಿನ ಸದ್ದು ತೆಗೆಯುವಾಗ ಫೋನ್ ನೀರಿನಿಂದ ಒಂದು ಗೇಣು ಮೇಲಿರಬೇಕು. ಸೈಕಲ್ ಹೊರಡುವಾಗ ಮಾತ್ರ ಕೈ ಅಲ್ಲಾಡಿಸದೆ ನಿಂತಲ್ಲೇ ನಿಲ್ಲಿ. ಅದು ದೂರವಾಗುವುದು ಕೇಳಬೇಕು. ಎಲ್ಲ ಮುಗಿದ ಮೇಲೆ ಅದೇ ಜಾಗದ ಖಾಲಿ ಸದ್ದನ್ನು 30 ಸೆಕೆಂಡ್ ಸುಮ್ನೆ ರೆಕಾರ್ಡ್ ಮಾಡಿಕೊಳ್ಳಿ. ತುಣುಕುಗಳನ್ನು ಜೋಡಿಸುವಾಗ ನಡುವಿನ ಬಿರುಕು ಮುಚ್ಚಲು ಅದೇ ಬೇಕು.

ಮಾತು ಇರಲೇಬೇಕು ಅಂದರೆ ಇರಲಿ. ಸಂಘಟಕರು ಕೇಳುವ ಭಾಷೆಯಲ್ಲಿ ಅದರ ಅನುವಾದ ಜೊತೆಗಿಡಿ.

ವಿಡಿಯೋಗೂ ಇದೇ ಮಾತು. ಚಿತ್ರ ತುಸು ಮಂಕಾದರೆ ನೋಡುವವರು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ದೂರದಲ್ಲಿದ್ದರೆ ಸದ್ದಿಗೆ ಇನ್ನೊಂದು ಫೋನನ್ನು ಹತ್ತಿರ ಇಡಿ. ಶುರುವಿನಲ್ಲಿ ಕ್ಯಾಮೆರಾಗೆ ಕಾಣುವ ಹಾಗೆ, ಎರಡಕ್ಕೂ ಕೇಳುವ ಹಾಗೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ.

ನಿಯಮಗಳು ಒಂದೊಂದು ಸ್ಪರ್ಧೆಗೆ ಒಂದೊಂದು ಥರ, ಓದದೆ ಕಳಿಸಬೇಡಿ. ‘ಹವ್ಯಾಸಿ’ ಅಂದರೆ ಸಾಮಾನ್ಯವಾಗಿ ದುಡ್ಡಿಗಾಗಿ ಮಾಡಿದ್ದಲ್ಲ ಅಂತ, ಕೆಲಸ ಬಾರದವರು ಅಂತಲ್ಲ. ಹೇಳಿದ ಅವಧಿಗಿಂತ ಹತ್ತು ಸೆಕೆಂಡ್ ಹೆಚ್ಚಾಗಿ ಹೊರಬಿದ್ದರೆ ಯಾರನ್ನೂ ಬೈಯುವ ಹಾಗಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಚಟವನ್ನಂತೂ ಬಿಡಿ. ಅದರ ಹಕ್ಕು ನಿಮ್ಮದಲ್ಲ. ಹೋಗಲಿ, ಪಂಕ್ಚರ್ ಸದ್ದಿನ ಮೇಲೆ ಪಿಟೀಲು ಯಾಕೆ ಬೇಕು? ಯಾರದಾದರೂ ದನಿ ಇದ್ದರೆ ಅವರ ಒಪ್ಪಿಗೆ ಬರಹದಲ್ಲಿ ಇರಲಿ.

ಕಳಿಸುವ ಮೊದಲು ಒಬ್ಬರನ್ನು ಕೂರಿಸಿ, ಏನೂ ಹೇಳದೆ ಕೇಳಿಸಿ. ಅವರು ಕಣ್ಣು ಮುಚ್ಚಿಕೊಂಡೇ ಇರಲಿ. ಯಾವ ಸೆಕೆಂಡಿನಲ್ಲಿ ‘ಇದೇನಿದು?’ ಅಂತ ಹುಬ್ಬು ಗಂಟಾಗುತ್ತದೋ ಅದನ್ನು ಬರೆದುಕೊಳ್ಳಿ. ಆ ತುಣುಕನ್ನು ಮತ್ತೆ ರೆಕಾರ್ಡ್ ಮಾಡಿ, ಈ ಸಲ ಇನ್ನೊಂದು ಗೇಣು ಹತ್ತಿರ ಹೋಗಿ.