ಎರಡು ಆಂಟಿವೈರಸ್ ಇದ್ರೆ ಡಬಲ್ ಸೇಫ್ಟಿ ಅಲ್ಲ

ಆಫೀಸಿನ ಎಲ್ಲಾ ಮೆಷಿನ್‌ಗೂ ಹೊಸ ಎಂಡ್‌ಪಾಯಿಂಟ್ ಸೆಕ್ಯುರಿಟಿ (ಪ್ರತಿ ಮೆಷಿನ್ನಲ್ಲೂ ಕೂತು ಕಾಯೋ, ಆಂಟಿವೈರಸ್ ಥರದ್ದು) ಹಾಕೋಣ ಅಂದ ತಕ್ಷಣ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ಹಳೇದೂ ಇರ್ಲಿ ಬಿಡಿ, ಎರಡಿದ್ರೆ ಒಳ್ಳೇದೇ ಅಲ್ವಾ?" ಖಂಡಿತ ಅಲ್ಲ! ದಯವಿಟ್ಟು ಇದನ್ನ ನಂಬ್ಬೇಡಿ.

ನೀವು ಒಂದು ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡ್ತೀರಿ. ಕರ್ನಲ್ (ವಿಂಡೋಸಿನ ತಿರುಳು) ಒಳಗೆ ಕೂತಿರೋ ಸೆಕ್ಯುರಿಟಿ ಡ್ರೈವರ್ ಅದನ್ನ ಅಲ್ಲೇ ತಡೆದು, ಫೈಲ್ ಓದಿ ನೋಡಿ, ಆಮೇಲೆ ಒಳಗೆ ಬಿಡುತ್ತೆ, ಹೊಸಿಲಲ್ಲಿ ಕೂತ ಕಾವಲುಗಾರನ ಥರ. ಈಗ ಇಬ್ರು ಕಾವಲುಗಾರರು ಅಂದ್ಕೊಳ್ಳಿ. ಒಬ್ಬ ತಪಾಸಣೆಗೆ ಅಂತ ಫೈಲ್ ಎತ್ಕೊಂಡ್ರೆ ಇನ್ನೊಬ್ಬ ಅವನ ಕೈನೇ ಹಿಡ್ಕೋತಾನೆ. ಒಂದೇ ಸ್ಟೀರಿಂಗ್ ಇಬ್ರು ತಿರುಗಿಸ್ದಂಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಕೂಸು ನಿಮ್ಮ ಪಿಸಿ: ನಿಧಾನ ಆಗುತ್ತೆ, ಹ್ಯಾಂಗ್ ಆಗುತ್ತೆ, ಒಮ್ಮೊಮ್ಮೆ ನೀಲಿ ಸ್ಕ್ರೀನ್. ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್, ಬೇರೆ ಆಂಟಿವೈರಸ್ ಹಾಕಿದ್ರೆ ಪಿಸಿಗಳಲ್ಲಿ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತೆ, ಆದ್ರೆ ವಿಂಡೋಸ್ ಸರ್ವರ್‌ನಲ್ಲಿ ಅದನ್ನ ನಾವೇ ಸರಿಸ್ಬೇಕು.

ಕಳ್ಳನಿಗಿರೋ ಶಕ್ತಿ ಹಿಡಿಯೋನಿಗೂ ಬೇಕು ಅನ್ನೋದು ಹೊಸ ಮಾತೇನಲ್ಲ. 1971ರಲ್ಲಿ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಕ್ರೀಪರ್ ಅನ್ನೋ ಪ್ರೋಗ್ರಾಂ ಮೆಷಿನ್‌ನಿಂದ ಮೆಷಿನ್‌ಗೆ ಹರಿದಾಡ್ತಿತ್ತು, ಅದನ್ನ ಅಳಿಸೋಕೆ ಬರೆದ ರೀಪರ್ ಕೂಡ ಅದೇ ಥರ ಹರಿದಾಡ್ತಿತ್ತು! ಅಷ್ಟು ಶಕ್ತಿ ಇರೋದು ಎಡವಿದ್ರೆ ಏನಾಗುತ್ತೆ ಅಂತ 2024ರ ಜುಲೈ 19ಕ್ಕೆ ಲೋಕಾನೇ ನೋಡ್ತು. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಅಪ್‌ಡೇಟ್ 21 ಇನ್‌ಪುಟ್ ಕೇಳ್ತಿತ್ತು, ಮೆಷಿನ್ನಲ್ಲಿದ್ದ ಅವರ ಸಾಫ್ಟ್‌ವೇರ್ ಕೊಡ್ತಿದ್ದಿದ್ದು 20. ಇಲ್ಲದ 21ನೇದನ್ನ ಓದೋಕೆ ಹೋಗಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಮೆಷಿನ್ ಬಿದ್ದೋದ್ವು. ಆ ಫೈಲನ್ನ 78 ನಿಮಿಷದಲ್ಲೇ ವಾಪಸ್ ತಗೊಂಡ್ರು, ಆದ್ರೆ ಬೂಟೇ ಆಗದ ಮೆಷಿನ್‌ಗೆ ರಿಪೇರಿ ತಲುಪೋದು ಹೇಗೆ? ಎಷ್ಟೋ ಕಡೆ ಜನ ಒಂದೊಂದು ಮೆಷಿನ್ ಮುಂದೆ ಕೂತು ಸೇಫ್ ಮೋಡ್‌ಗೆ ಹೋಗಿ ಫೈಲ್ ಅಳಿಸಿದ್ರು, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಇದ್ದಲ್ಲಿ ಅದಕ್ಕೂ ಮುಂಚೆ 48 ಅಂಕಿಯ ರಿಕವರಿ ಕೀ ಟೈಪ್ ಮಾಡ್ಬೇಕಿತ್ತು.

ಅದಕ್ಕೇ ಆ ಕೀಗಳನ್ನ ಮೊದ್ಲೇ ತೆಗೆದು, ನೆಟ್‌ವರ್ಕ್ ಬಿದ್ರೂ ಕೈಗೆ ಸಿಗೋ ಕಡೆ ಇಡಿ. ಯಾವ ಮೆಷಿನ್‌ನಲ್ಲಿ ಏನಿದೆ ಅಂತ ಪಟ್ಟಿ ಮಾಡಿ, ಹಳೇ ಆಂಟಿವೈರಸ್ಸನ್ನ ಆ ಕಂಪನಿಯದೇ ರಿಮೂವಲ್ ಟೂಲ್‌ನಿಂದ ತೆಗೆದು ರೀಸ್ಟಾರ್ಟ್ ಮಾಡಿ. ಆಮೇಲೆ ಪ್ರತಿ ವಿಭಾಗದಿಂದ ಒಂದೆರಡು ಮೆಷಿನ್‌ಗೆ ಮಾತ್ರ ಹೊಸದು ಹಾಕಿ, ಐಟಿಯವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಅಕೌಂಟ್ಸ್‌ನವರ ಹಳೇ ಪಿಸೀಲಿ ಓಡುತ್ತೆ ಅಂತಿಲ್ಲ. ಅಲ್ಲಿ ಆಂಟಿವೈರಸ್ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷಿಸೋಕೇ ಇರೋ ಐಕಾರ್ ಟೆಸ್ಟ್ ಫೈಲ್ ಇಟ್ಟು ನೋಡಿ, ಬರೀ 68 ಅಕ್ಷರ, ಯಾವ ಹಾನಿನೂ ಮಾಡಲ್ಲ, ಹೆಚ್ಚಿನ ಆಂಟಿವೈರಸ್‌ಗಳು ಅದನ್ನ ವೈರಸ್ ಅಂತಾನೇ ಹಿಡೀತವೆ. ಅಲರ್ಟ್ ಆ ಪಿಸೀಲಿ ಮಾತ್ರ ಅಲ್ಲ, ಎಲ್ಲಾ ಮೆಷಿನ್ನೂ ಒಂದೇ ಕಡೆ ನೋಡೋ ಅಡ್ಮಿನ್ ಕನ್ಸೋಲ್‌ನಲ್ಲೂ ಬರ್ಬೇಕು.